ಮರುಸೊಲ್ಲು ಯಾರದು? ಮೇಳದ ಹಾಡು ‘ಆಯ್ದ ಹಾಡು’ ಆಗುವಾಗ

ಜನಪದ ಹಾಡಿನ ಸಂಗ್ರಹಗಳಲ್ಲಿ ಪಲ್ಲವಿ ಮೊದಲ ನುಡಿಯ ಕೆಳಗೆ ಪೂರ್ತಿಯಾಗಿ ಅಚ್ಚಾಗಿರುತ್ತದೆ. ಎರಡನೆಯ ನುಡಿಗೆ ಅದು ಒಂದು ಪದ ಮತ್ತು ಮೂರು ಚುಕ್ಕಿಗೆ ಇಳಿಯುತ್ತದೆ. ಮೂರನೆಯದಕ್ಕೆ ಅದೂ ಇರುವುದಿಲ್ಲ. ಕಾಗದ ಉಳಿಸುವ ಈ ರೂಢಿಯನ್ನು ನಾವೆಲ್ಲ ತಕರಾರಿಲ್ಲದೆ ಪಾಲಿಸಿಕೊಂಡು ಬಂದಿದ್ದೇವೆ. ಆದರೆ ಮೇಳದ ಹಾಡಿನಲ್ಲಿ ಪಲ್ಲವಿ, ಅಂದರೆ ಮರುಸೊಲ್ಲು, ಮುಂದಾಳಿನ ಸ್ವತ್ತಲ್ಲ, ಹಿಂದೆ ನಿಂತವರ ಪಾಲು. ಚುಕ್ಕಿ ಇಟ್ಟಾಗ ಅಳಿಸಿಹೋಗುವುದು ಆ ದನಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮತ್ತು ಅದರ ನೆರೆಯ ಮೇಳಗಳನ್ನು ಅಮೆರಿಕದ ಒಂದು ಹಿಪ್‌ಹಾಪ್ ಗುಂಪಿನ ಆಯ್ದ ಹಾಡುಗಳ ಪಕ್ಕದಲ್ಲಿಟ್ಟು ಈ ನಷ್ಟದ ಲೆಕ್ಕ ಹಾಕುವುದು ಇಲ್ಲಿನ ಉದ್ದೇಶ. ಹೋಲಿಕೆ ವಿಚಿತ್ರವೆನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು.

ಹಿಪ್‌ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬಾತ ಹಾಡಿನ ತಟ್ಟೆ ತಿರುಗಿಸಿದ ಒಂದು ಕೂಟ ಅದು. ಗಂಟೆಗಟ್ಟಲೆ ನಡೆಯುತ್ತಿದ್ದ ಇಂಥ ಕೂಟಗಳ ಮಾತುಗಾರಿಕೆ 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ ಮೂವರ ‘ರ‍್ಯಾಪರ್ಸ್ ಡಿಲೈಟ್’ನಲ್ಲಿ ತಟ್ಟೆಗೆ ಇಳಿದಾಗ ಅದರ ಉದ್ದ 14 ನಿಮಿಷ 35 ಸೆಕೆಂಡು. ರೇಡಿಯೋಗೆಂದು ಅದನ್ನೂ ಕತ್ತರಿಸಿದರು. 1991ರಲ್ಲಿ ರನ್ ಡಿಎಂಸಿ ಗುಂಪಿನ ಆಯ್ದ ಹಾಡುಗಳು ‘ಟುಗೆದರ್ ಫಾರೆವರ್’ ಹೆಸರಿನಲ್ಲಿ ಬಂದವು. 1983ರಿಂದ ಅಲ್ಲಿಯವರೆಗಿನ ಕೆಲಸದ ತಿರುಳು ಅದರಲ್ಲಿದೆ. ಜೋಸೆಫ್ ಸಿಮನ್ಸ್ ಸಾಲು ಎತ್ತುತ್ತಾನೆ, ಡ್ಯಾರಿಲ್ ಮ್ಯಾಕ್‌ಡೇನಿಯಲ್ಸ್ ಅದರ ಕೊನೆಯ ಪದದ ಮೇಲೆ ಬಂದು ಬೀಳುತ್ತಾನೆ, ಜೇಸನ್ ಮೈಜೆಲ್ ಹಿಂದಿನಿಂದ ತಟ್ಟೆ ಉಜ್ಜಿ ತಾಳ ಕೊಡುತ್ತಾನೆ. ಯಾವ ಪದ ಯಾರ ಬಾಯಿಯದೆಂದು ಕೇಳಿದವರಿಗೆಲ್ಲ ಗೊತ್ತಾಗುತ್ತದೆ. ಸಂಗ್ರಹಕಾರರು ಹಾಡು ಬಿಟ್ಟಿರಬಹುದು, ಆಳನ್ನು ಬಿಟ್ಟಿಲ್ಲ.

ಇದೇ ಮೂವರ ಕಟ್ಟು ನಮ್ಮ ಬುರ್ರಕಥೆಯದು. ನಡುವೆ ತಂಬೂರಿ ಹೆಗಲಿಗೇರಿಸಿದ ಕಥೆಗಾರ, ಎಡಬಲದಲ್ಲಿ ಡಿಮ್ಮಿ ಬಾರಿಸುವ ಇಬ್ಬರು. ಕಥೆಗಾರನ ಹೆಬ್ಬೆರಳಲ್ಲಿ ಟೊಳ್ಳು ಉಂಗುರ, ಅದರೊಳಗೆ ಪುಟ್ಟ ಗುಂಡುಗಳು. ಬೆರಳು ಕುಣಿದಂತೆ ಅವು ಝಲ್ಲೆನ್ನುತ್ತವೆ. ತೆಲುಗಿನವರು ‘ವಂತ’ ಎಂದು ಕರೆಯುವ ಎಡಬಲದವರ ಕೆಲಸ ಬರೀ ಹೂಂಗುಟ್ಟುವುದಲ್ಲ. ಒಬ್ಬ ನಗಿಸುತ್ತಾನೆ, ಇನ್ನೊಬ್ಬ ಕಥೆಯನ್ನು ತಡೆದು ಇವತ್ತಿನ ಸುದ್ದಿಗೆ ಗಂಟು ಹಾಕುತ್ತಾನೆ. 1940ರ ದಶಕದಲ್ಲಿ ಆಂಧ್ರದ ಶೇಕ್ ನಾಜರ್ ಇದೇ ಕಟ್ಟನ್ನು ಹೋರಾಟದ ವೇದಿಕೆಗೆ ಒಯ್ದರು. ಆಗ ನಮ್ಮ ಈ ತಾಲ್ಲೂಕುಗಳೂ ಮದರಾಸು ಪ್ರಾಂತದಲ್ಲೇ ಇದ್ದವು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಕನ್ನಡದಲ್ಲಿ ಈ ಕಲೆಯ ದೊಡ್ಡ ಹೆಸರು ದರೋಜಿ ಈರಮ್ಮ. ದರೋಜಿ ಇರುವುದು ಸಂಡೂರು ತಾಲ್ಲೂಕಿನಲ್ಲಿ, ನಾನು ಹಾಕಿಕೊಂಡ ಐದು ತಾಲ್ಲೂಕುಗಳ ಗೆರೆಯ ಆಚೆ. ಆದರೆ ಅಲೆಮಾರಿ ಮೇಳವನ್ನು ತಾಲ್ಲೂಕಿನ ಗೆರೆಯಿಂದ ಅಳೆಯುವುದು ದಡ್ಡತನ. ಹರಪನಹಳ್ಳಿಯೇ ಒಂದು ತಲೆಮಾರಿನೊಳಗೆ ಬಳ್ಳಾರಿಯಿಂದ ದಾವಣಗೆರೆಗೆ, ಅಲ್ಲಿಂದ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ದಾಟಿದೆ. ಮನೆಮಾತು ತೆಲುಗಾದ ಬುಡ್ಗ ಜಂಗಮ ಸಮುದಾಯದ ಈರಮ್ಮ ಓದುಬರಹ ಕಲಿತವರಲ್ಲ. ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ ಜೊತೆಗೂಡಿ ಊರೂರು ಸುತ್ತಿ ಹಾಡಿದರು. ಅವರ ಕಾವ್ಯಗಳನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿಸಿತು, ನಾಡೋಜ ಗೌರವವನ್ನೂ ಕೊಟ್ಟಿತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2014ರ ಆಗಸ್ಟ್ 12ರಂದು ತೀರಿಕೊಂಡರು. ಕುಮಾರರಾಮ, ಬಾಲನಾಗಮ್ಮ ಕಾವ್ಯಗಳು ಇವತ್ತು ಓದಲು ಸಿಗುವುದು ವಿಶ್ವವಿದ್ಯಾಲಯದ ಆ ಅಚ್ಚಿನ ಕೆಲಸದಿಂದ. ಅದರ ಋಣ ದೊಡ್ಡದು. ಮುಂದಿನ ಮಾತು ಆ ಋಣವನ್ನು ಒಪ್ಪಿಕೊಂಡೇ ಆಡುವುದು.

ಮೌಖಿಕ ಮಹಾಕಾವ್ಯದ ಸಂಗ್ರಹಕ್ಕೆ ನಮ್ಮಲ್ಲಿ ಮಾದರಿಯಾಗಿರುವುದು ಒಬ್ಬನೇ ಹಾಡುಗಾರನ ನೆನಪು. ಫಿನ್ಲೆಂಡಿನ ಲೌರಿ ಹಾಂಕೊ ಮತ್ತು ಸಂಗಡಿಗರು ಮಾಚಾರು ಗೋಪಾಲ ನಾಯ್ಕರಿಂದ 1990ರಲ್ಲಿ ದಾಖಲಿಸಿದ ತುಳು ಸಿರಿ ಕಾವ್ಯ 15,683 ಸಾಲು. ಆ ಅಂಕಿ ನೋಡಿದ ಮೇಲೆ ನಮಗೂ ಸಾಲು ಎಣಿಸುವ ಚಟ ಹತ್ತಿತು. ಮೂವರ ಹಾಡಿಗೆ ಆ ಅಳತೆಗೋಲು ಹಿಡಿದರೆ ಮರುಸೊಲ್ಲು ಪುನರುಕ್ತಿಯಂತೆ ಕಾಣುತ್ತದೆ, ತಡೆದು ಕೇಳುವ ಪ್ರಶ್ನೆ ಕಥೆಗೆ ಅಡ್ಡಿಯಂತೆ ಕಾಣುತ್ತದೆ. ಎರಡನ್ನೂ ತೆಗೆದರೆ ಉಳಿಯುವುದು ಸರಾಗವಾದ ಕಾವ್ಯ. ಅಂಥ ಕಾವ್ಯವನ್ನು ಯಾವ ಮೇಳವೂ ಯಾವ ಊರಲ್ಲೂ ಹಾಡಿರಲಾರದು.

ಹಿಂದೆ ನಿಂತವರ ಸಾಲಿಗೆ ಇಷ್ಟೇಕೆ ಬೆಲೆ ಎಂಬುದಕ್ಕೆ ಹೊಸಪೇಟೆ–ಹಗರಿಬೊಮ್ಮನಹಳ್ಳಿ ದಾರಿಯ ಮರಿಯಮ್ಮನಹಳ್ಳಿ ಉತ್ತರ ಕೊಡುತ್ತದೆ. ಅಲ್ಲಿನ ಮಂಜಮ್ಮ ಜೋಗತಿ ಕಾಳವ್ವ ಜೋಗತಿಯವರ ಮೇಳದಲ್ಲಿ ಕಲಿತರು, ಗುರು ತೀರಿದ ಮೇಲೆ ಮೇಳವನ್ನು ಮುನ್ನಡೆಸಿದರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಿಮ್ಮೇಳವೇ ಅಲ್ಲಿ ಪಾಠಶಾಲೆ. ಚೌಡಿಕೆಯ ಒಂಟಿ ತಂತಿಗೆ ದನಿ ಕೂಡಿಸುತ್ತಲೇ ಮುಂದಿನ ಮುಂದಾಳು ತಯಾರಾಗುವುದು. ಚೌಡಿಕೆಗೆ ಅಂಟಿಕೊಂಡಿದ್ದ ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದು ಸರಿಯೇ. ಹರಕೆಯ ನಂಟು ಕಳಚಿದ ಚೌಡಿಕೆ ಪದ ಮಾತ್ರ ಅಂಗಳ ಬಿಟ್ಟು ವೇದಿಕೆಗೆ ಬರಬೇಕಾಯಿತು. ವೇದಿಕೆ ಕೊಡುವುದು ಹತ್ತೋ ಹದಿನೈದೋ ನಿಮಿಷ.

ಅಚ್ಚಿನ ಈ ನಷ್ಟಕ್ಕೆ ಇನ್ನೂ ಬಿಗಿಯಾದ ನಿದರ್ಶನ ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ, ಅಂದರೆ ಜಾತ್ರೆಯ ಭವಿಷ್ಯನುಡಿ. ಭರತ ಹುಣ್ಣಿಮೆ ಕಳೆದ ಮೇಲೆ ಡೆಂಕನಮರಡಿಯಲ್ಲಿ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರಿ ‘ಸದ್ದಲೇ’ ಎನ್ನುತ್ತಾನೆ. ಡಮರುಗ, ತಮಟೆ, ಪೀಪಿ, ಎತ್ತಿನ ಗೆಜ್ಜೆ, ಮಕ್ಕಳ ಅಳು ಎಲ್ಲ ತಣ್ಣಗಾಗುತ್ತವೆ. ಒಂದು ಸಾಲು ನುಡಿದು ಆತ ಬಿಲ್ಲಿನಿಂದ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಮರುದಿನದ ಪತ್ರಿಕೆ ಆ ಸಾಲನ್ನೂ ಮಳೆ, ಬೆಳೆ, ರಾಜಕೀಯದ ಅರ್ಥಗಳನ್ನೂ ಅಚ್ಚು ಹಾಕುತ್ತದೆ. ಲಕ್ಷಾಂತರ ಜನ ಕೂಡಿ ಕಟ್ಟಿದ ಮೌನಕ್ಕೆ ಅಲ್ಲಿ ಜಾಗವಿಲ್ಲ, ಇರಲೂ ಸಾಧ್ಯವಿಲ್ಲ. ಆದರೆ ವರ್ಷವರ್ಷದ ಸಾಲುಗಳನ್ನು ಒಟ್ಟುಮಾಡಿ ಅದನ್ನೇ ‘ಕಾರ್ಣಿಕ ಸಾಹಿತ್ಯ’ ಎನ್ನುವ ವಿದ್ವಾಂಸರು ತುಸು ಯೋಚಿಸಬೇಕು.

 

ಪರಿಹಾರ ಕಷ್ಟದ್ದಲ್ಲ. ನಾಟಕದ ಪುಸ್ತಕದಂತೆ ಅಂಚಿನಲ್ಲಿ ಹಾಡಿದವರ ಹೆಸರು ಹಾಕಬೇಕು. ಮರುಸೊಲ್ಲನ್ನು ಬಂದಷ್ಟು ಸಲವೂ ಅಚ್ಚು ಮಾಡಬೇಕು. ಪುಟ ಹೆಚ್ಚಾದರೆ ಆಗಲಿ. ಮುಖಪುಟದಲ್ಲಿ ಮೂರೂ ಹೆಸರು ಇರಬೇಕು. ಪಬ್ಲಿಕ್ ಎನಿಮಿ ಗುಂಪು 1992ರ ತನ್ನ ತಟ್ಟೆಗೆ ‘ಗ್ರೇಟೆಸ್ಟ್ ಮಿಸ್ಸಸ್’ ಎಂದು ತಮಾಷೆಯ ಹೆಸರಿಟ್ಟಿತ್ತು. ನಮ್ಮ ಕೆಲವು ಆಯ್ದ ಸಂಪುಟಗಳಿಗೆ ಆ ಹೆಸರು ತಮಾಷೆಯಿಲ್ಲದೆಯೇ ಒಪ್ಪುತ್ತದೆ.

ಓದುಗರಲ್ಲಿ ಒಂದು ವಿನಂತಿ. ಜಾತ್ರೆಗಳಲ್ಲಿ ಕೊಂಡ ಚೌಡಿಕೆ ಪದದ, ಬಯಲಾಟದ ಕ್ಯಾಸೆಟ್ಟುಗಳು ಈ ಸೀಮೆಯ ಮನೆಗಳ ಅಟ್ಟದಲ್ಲಿ ಇನ್ನೂ ಬಿದ್ದಿರಬಹುದು. ಟೇಪು ಬೂಷ್ಟು ಹಿಡಿದಿದ್ದರೂ ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು ಬಿಡಿಸಿ ನೋಡಿ. ಸಣ್ಣ ಅಕ್ಷರದಲ್ಲಿ ಹಿಮ್ಮೇಳದವರ ಹೆಸರಿದ್ದರೆ, ಬಿಸಾಡುವ ಮುಂಚೆ ಬರೆದಿಟ್ಟುಕೊಳ್ಳಿ.