ಚರ್ಮದ ಸೊಂಟಪಟ್ಟಿಗೆ ಬಾರಿನ ಹೆಣಿಗೆ: ವಿಧಾನ, ಲೆಕ್ಕ ಮತ್ತು ನಮ್ಮ ಮಾತು

ಚರ್ಮದ ಸೊಂಟಪಟ್ಟಿಯ ಅಂಚಿನಲ್ಲಿ ಅಥವಾ ಮೈಮೇಲೆ ಸಣ್ಣ ಸೀಳುಗಳನ್ನು ಮಾಡಿ, ಅವುಗಳ ಮೂಲಕ ತೆಳುವಾದ ಚರ್ಮದ ಎಳೆಯನ್ನು ಪೋಣಿಸಿ ಅಲಂಕರಿಸುವ ಕೆಲಸವನ್ನು ಬಾರಿನ ಹೆಣಿಗೆ ಎನ್ನಬಹುದು. ನಮ್ಮ ಭಾಗದಲ್ಲಿ ಚರ್ಮದ ಪಟ್ಟಿಗೆ ಬಾರು ಎಂಬ ಹೆಸರಿದೆ. ದನ ಹೊಡೆಯುವ ಬಾರುಕೋಲು ಈ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಹಿಂದೆ ಕಪಿಲೆ ಬಾವಿಯಿಂದ ನೀರೆತ್ತುತ್ತಿದ್ದ ದಪ್ಪ ಚರ್ಮದ ಹಗ್ಗಕ್ಕೆ ಮಿಣಿ ಎನ್ನುತ್ತಿದ್ದರು. ಹೀಗೆ ಚರ್ಮವನ್ನು ಸೀಳಿ, ಹೆಣೆದು, ಬಿಗಿಯುವ ವಿದ್ಯೆ ಗಡಿಯ ಎರಡೂ ಬದಿಯ ಒಕ್ಕಲುತನದೊಂದಿಗೆ ಬೆಳೆದು ಬಂದದ್ದಾಗಿದೆ.

ಈ ಕಸುಬು ಬಲ್ಲ ಮನೆಗಳ ಮಕ್ಕಳು ನಮ್ಮ ಕನ್ನಡ ಶಾಲೆಗಳಲ್ಲಿ ಓದುತ್ತಿದ್ದಾರೆ. ಮನೆಯಲ್ಲಿ ಏನು ಕೆಲಸವೆಂದು ಕೇಳಿದಾಗ ಅವರಲ್ಲಿ ಕೆಲವರು ತಲೆ ತಗ್ಗಿಸುವುದನ್ನು ನಾವು ಕಂಡಿದ್ದೇವೆ. ಆ ಹಿಂಜರಿಕೆಗೆ ಕಾರಣ ಕಸುಬಿನಲ್ಲಿಲ್ಲ, ಕಸುಬನ್ನು ಕೀಳೆಂದು ಎಣಿಸಿದ ಸಮಾಜದಲ್ಲಿದೆ. ಈ ಕೆಲಸದಲ್ಲಿ ಎಷ್ಟು ಲೆಕ್ಕ, ಎಷ್ಟು ವಿಜ್ಞಾನ, ಎಷ್ಟು ಜಾಣ್ಮೆ ಅಡಗಿದೆಯೆಂಬುದನ್ನು ಪೋಷಕರೂ ಮಕ್ಕಳೂ ಒಟ್ಟಿಗೆ ಕುಳಿತು ನೋಡಲೆಂದು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಚರ್ಮದ ಆಯ್ಕೆ

ಸೊಂಟಪಟ್ಟಿಗೆ ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್ ದಪ್ಪದ, ಸಸ್ಯರಸದಿಂದ ಹದ ಮಾಡಿದ ಚರ್ಮ ಯೋಗ್ಯವಾದುದು. ಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿ ಮೊದಲಾದವುಗಳಲ್ಲಿರುವ ಒಗರು ಪದಾರ್ಥವು ಹಸಿ ತೊಗಲಿನ ನಾರುಗಳನ್ನು ಬಿಗಿದು, ಅದು ಕೊಳೆಯದಂತೆ ಮಾಡುತ್ತದೆ. ಅಳಲೆಕಾಯಿ ಕಚ್ಚಿದಾಗ ನಾಲಿಗೆ ಬಿಗಿದಂತಾಗುವುದಕ್ಕೂ ಇದೇ ಗುಣ ಕಾರಣ. ಹೀಗೆ ಹದಗೊಂಡ ಚರ್ಮವು ಗಟ್ಟಿಯಾಗಿದ್ದು ಅಷ್ಟಾಗಿ ಹಿಗ್ಗುವುದಿಲ್ಲ. ಅದರ ಅಂಚನ್ನು ತಿಕ್ಕಿ ನುಣುಪು ಮಾಡಬಹುದು. ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ ಹೆಚ್ಚು ಮೃದು. ಅದರ ಅಂಚು ತಿಕ್ಕಿದರೂ ಸುಲಭವಾಗಿ ನುಣುಪಾಗದು. ಅಂತಹ ಪಟ್ಟಿಗೆ ಅಂಚಿನ ಹೆಣಿಗೆಯೇ ರಕ್ಷಣೆಯಾಗುತ್ತದೆ.

ಹೆಣೆಯುವ ಬಾರಿಗೆ ಆಡಿನ ಅಥವಾ ಕರುವಿನ ತೆಳು ಚರ್ಮ ಒಳ್ಳೆಯದು. ಅದರ ಅಗಲ ಸುಮಾರು 3 ಮಿಲಿಮೀಟರ್ ಇದ್ದರೆ ಸಾಕು. ಆಸ್ಟ್ರೇಲಿಯಾದ ಕುಶಲಕರ್ಮಿಗಳು ಚಾಟಿ ಹೆಣೆಯಲು ಕಾಂಗರೂ ಚರ್ಮವನ್ನು ಬಳಸುತ್ತಾರೆ, ಏಕೆಂದರೆ ಅದು ತೆಳುವಾಗಿದ್ದರೂ ಬಹಳ ಗಟ್ಟಿ.

ಚೂರಿನಿಂದ ಮಾರುದ್ದದ ಬಾರು

ಉದ್ದನೆಯ ಬಾರಿಗೆ ಉದ್ದನೆಯ ಚರ್ಮವೇ ಬೇಕೆಂದಿಲ್ಲ. ಉಳಿದುಹೋದ ಚೂರನ್ನು ದುಂಡಗೆ ಕತ್ತರಿಸಿ, ಹೊರ ಅಂಚಿನಿಂದ ಸುರುಳಿಯಾಗಿ ಒಳಕ್ಕೆ ಕೊಯ್ಯುತ್ತ ಹೋದರೆ ಒಂದೇ ಎಳೆಯ ಬಾರು ದೊರೆಯುತ್ತದೆ. ಎಷ್ಟು ಉದ್ದ ಬರುತ್ತದೆಂಬುದನ್ನು ಶಾಲೆಯ ಲೆಕ್ಕದಿಂದಲೇ ಕಂಡುಕೊಳ್ಳಬಹುದು. ವೃತ್ತದ ವಿಸ್ತೀರ್ಣವನ್ನು ಬಾರಿನ ಅಗಲದಿಂದ ಭಾಗಿಸಬೇಕು. 10 ಸೆಂಟಿಮೀಟರ್ ವ್ಯಾಸದ ಚೂರಿನ ವಿಸ್ತೀರ್ಣ ಸುಮಾರು 78.5 ಚದರ ಸೆಂಟಿಮೀಟರ್. ಇದನ್ನು 0.3 ಸೆಂಟಿಮೀಟರ್‌ನಿಂದ ಭಾಗಿಸಿದರೆ ಸುಮಾರು 260 ಸೆಂಟಿಮೀಟರ್ ಆಗುತ್ತದೆ. ಆರಂಭದ ಸುತ್ತಿನಲ್ಲೂ ನಡುವಿನಲ್ಲೂ ಸ್ವಲ್ಪ ವ್ಯರ್ಥವಾಗುವುದರಿಂದ ಕೈಗೆ ಸಿಗುವುದು ಇದಕ್ಕಿಂತ ಕಡಿಮೆ. ಆದರೂ ಅಂಗೈಯಗಲದ ಚೂರಿನಿಂದ ಎರಡು ಮೀಟರಿಗೂ ಮೀರಿದ ಬಾರು ಬರುತ್ತದೆಯೆಂದರೆ ಮಕ್ಕಳಿಗೆ ಅಚ್ಚರಿಯಾಗದೆ ಇರದು. ಬಿಳಿ ಹಾಳೆಯನ್ನು ದುಂಡಗೆ ಕತ್ತರಿಸಿ ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು.

ಕೊಯ್ದ ಬಾರನ್ನು ಮೊದಲು ಎಳೆದು ಅದರ ಹಿಗ್ಗುವಿಕೆಯನ್ನು ತೆಗೆಯಬೇಕು, ಬಳಿಕ ಸ್ವಲ್ಪ ಜೇನುಮೇಣ ಸವರಬೇಕು. ಎಳೆಯದೆ ಹೆಣೆದರೆ ಕೆಲವು ದಿನಗಳಲ್ಲಿ ಹೆಣಿಗೆ ಸಡಿಲಾಗುತ್ತದೆ.

ಸೀಳುಗಳನ್ನು ಮಾಡುವ ಕ್ರಮ

ಅಂಚಿನಿಂದ 4 ಅಥವಾ 5 ಮಿಲಿಮೀಟರ್ ಒಳಗೆ ಒಂದು ಗೆರೆ ಎಳೆದು, ಅದರ ಮೇಲೆ ಸಮಾನ ಅಂತರದಲ್ಲಿ ಸೀಳುಗಳನ್ನು ಇಕ್ಕಬೇಕು. ಮೂರು ನಾಲ್ಕು ಹಲ್ಲುಗಳುಳ್ಳ ಉಳಿಯಿದ್ದರೆ ಕೆಲಸ ಸುಲಭ. ಪ್ರತಿ ಸಲ ಉಳಿಯ ಮೊದಲ ಹಲ್ಲನ್ನು ಹಿಂದಿನ ಕೊನೆಯ ಸೀಳಿನಲ್ಲಿಯೇ ಇಟ್ಟು ಹೊಡೆದರೆ ಅಂತರ ತಪ್ಪುವುದಿಲ್ಲ. ಮೂಲೆಗಳಲ್ಲಿ ಒಂದೇ ಹಲ್ಲಿನ ಉಳಿಯನ್ನೋ ಆರಿಯನ್ನೋ ಬಳಸಬೇಕು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಸೊಂಟಪಟ್ಟಿಯ ಎಳೆತ ಉದ್ದಕ್ಕೆ ಬೀಳುತ್ತದೆ. ಉದ್ದಕ್ಕೆ ಸಾಗುವ ಸೀಳಿನ ಸಾಲು ಪಟ್ಟಿಯ ಬಲವನ್ನು ಅಷ್ಟಾಗಿ ಕುಂದಿಸುವುದಿಲ್ಲ. ಆದರೆ ಅಡ್ಡಲಾಗಿ ಸೀಳುಗಳ ಸಾಲನ್ನು ಇಕ್ಕಿದರೆ, ಅಂಚೆ ಚೀಟಿಗಳ ನಡುವಿನ ತೂತುಗಳ ಸಾಲಿನಂತೆ, ಪಟ್ಟಿ ಅಲ್ಲಿಯೇ ಹರಿಯುತ್ತದೆ. ಅಲಂಕಾರವನ್ನು ಯೋಚಿಸುವಾಗ ಬಲದ ಲೆಕ್ಕವನ್ನು ಮರೆಯಬಾರದು. ಬಕಲ್ ಮಡಚುವ ಜಾಗದಲ್ಲಿ ಎಳೆತವೂ ಸವೆತವೂ ಹೆಚ್ಚಿರುವುದರಿಂದ ಅಲ್ಲಿ ಸೀಳುಗಳನ್ನು ಬಿಟ್ಟುಬಿಡುವುದು ಲೇಸು.

ಮೂರು ಬಗೆಯ ಅಂಚಿನ ಹೆಣಿಗೆ

ಮೊದಲನೆಯದು ನೇರ ಪೋಣಿಕೆ. ಬಟ್ಟೆ ಹೊಲಿಯುವವರು ರನ್ನಿಂಗ್ ಸ್ಟಿಚ್ ಎನ್ನುವ ಕ್ರಮವಿದು. ಬಾರು ಒಂದು ಸೀಳಿನಲ್ಲಿ ಇಳಿದು ಮುಂದಿನ ಸೀಳಿನಲ್ಲಿ ಏಳುತ್ತದೆ. ಅಂಚಿನ ಉದ್ದದ ಸುಮಾರು ಒಂದೂವರೆ ಪಟ್ಟು ಬಾರು ಸಾಕು. ಕಂದು ಪಟ್ಟಿಯ ಮೇಲೆ ಬಿಳಿಯ ಅಗಲ ಬಾರನ್ನು ಹೀಗೆ ಪೋಣಿಸಿದರೆ ಸರಳವಾಗಿಯೂ ಅಂದವಾಗಿಯೂ ಕಾಣುತ್ತದೆ. ಅಮೆರಿಕದ ಕುದುರೆ ಜೀನುಗಳ ಮೇಲೆ ಈ ಬಗೆಯ ಅಲಂಕಾರ ಪ್ರಸಿದ್ಧವಾಗಿದೆ.

ಎರಡನೆಯದು ಸುತ್ತು ಹೆಣಿಗೆ. ಬಾರು ಪ್ರತಿ ಸಲ ಅಂಚನ್ನು ಬಳಸಿ, ಒಂದೇ ದಿಕ್ಕಿನಿಂದ ಮುಂದಿನ ಸೀಳನ್ನು ಹೊಗುತ್ತದೆ. ಅಂಚಿನ ಉದ್ದದ ಸುಮಾರು ಮೂರೂವರೆ ಪಟ್ಟು ಬಾರು ಬೇಕಾಗುತ್ತದೆ. ಅಂಚು ಪೂರ್ತಿ ಸುತ್ತಿಕೊಳ್ಳುವುದರಿಂದ ಸವೆತವನ್ನು ಬಾರು ತಾನೇ ತಾಳಿಕೊಳ್ಳುತ್ತದೆ. ಬಾರು ಹರಿದರೆ ಹೊಸದನ್ನು ಹಾಕಬಹುದು, ಪಟ್ಟಿ ಉಳಿಯುತ್ತದೆ.

ಮೂರನೆಯದು ಕುಣಿಕೆ ಹೆಣಿಗೆ. ಇದರಲ್ಲಿ ಒಂಟಿ ಮತ್ತು ಜೋಡಿ ಎಂಬ ಎರಡು ಬಗೆಗಳುಂಟು. ಒಂಟಿ ಕುಣಿಕೆಯಲ್ಲಿ ಬಾರು ಸೀಳನ್ನು ದಾಟಿ ಬಂದ ಬಳಿಕ ಹಿಂದಿನ ಕುಣಿಕೆಯ ಅಡಿಯಲ್ಲಿ ನುಸುಳುತ್ತದೆ. ಜೋಡಿ ಕುಣಿಕೆಯಲ್ಲಿ ಹಿಂದಿನ ಎರಡು ಸುತ್ತುಗಳು ಗುಣಾಕಾರ ಚಿಹ್ನೆಯಂತೆ ಕೂಡಿದ ಜಾಗದ ಅಡಿಯಲ್ಲಿ ನುಸುಳುತ್ತದೆ. ಮುಗಿದಾಗ ಅಂಚಿನ ಮೇಲೆ ಜಡೆ ಹೆಣೆದಂತೆ ಕಾಣುತ್ತದೆ. ಒಂಟಿಗೆ ಆರು ಪಟ್ಟು, ಜೋಡಿಗೆ ಎಂಟು ಪಟ್ಟಿನವರೆಗೆ ಬಾರು ಹಿಡಿಯುತ್ತದೆ.

ಒಂದು ಉದಾಹರಣೆ ನೋಡೋಣ. 90 ಸೆಂಟಿಮೀಟರ್ ಉದ್ದದ ಪಟ್ಟಿಯ ಎರಡೂ ಅಂಚುಗಳು ಸೇರಿ 180 ಸೆಂಟಿಮೀಟರ್. ನೇರ ಪೋಣಿಕೆಗೆ 2.7 ಮೀಟರ್, ಸುತ್ತು ಹೆಣಿಗೆಗೆ 6.3 ಮೀಟರ್, ಜೋಡಿ ಕುಣಿಕೆಗೆ 14.4 ಮೀಟರ್ ಬಾರು ಬೇಕು. ಇಷ್ಟುದ್ದವನ್ನು ಒಮ್ಮೆಗೇ ಎಳೆದರೆ ಬಾರು ಉಜ್ಜಿ ಸವೆಯುತ್ತದೆ. ಆದುದರಿಂದ ಒಂದೂವರೆ ಮೀಟರಿನ ತುಂಡುಗಳಲ್ಲಿ ಹೆಣೆಯುತ್ತ, ತುದಿಗಳನ್ನು ರಂಪಿಗೆಯಿಂದ ತೆಳ್ಳಗೆ ಹೆರೆದು ಅಂಟಿನಿಂದ ಜೋಡಿಸಬೇಕು. ಕೊನೆಯ ತುದಿಯನ್ನು ಹಿಂಬದಿಯ ಸುತ್ತುಗಳ ಅಡಿಯಲ್ಲಿ ನುಸುಳಿಸಿ ಬಿಗಿದು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹೆಣಿಗೆ ಸಮತಟ್ಟಾಗುತ್ತದೆ.

ಹೊಸಬರು ಮಾಡುವ ಸಾಮಾನ್ಯ ತಪ್ಪೊಂದನ್ನು ಇಲ್ಲಿ ಹೇಳಬೇಕು. ಅಂಚನ್ನು ಸುತ್ತಿದ ಬಾರು ಪಟ್ಟಿಯ ಅಗಲವನ್ನು ಎರಡೂ ಬದಿಗೆ ಹೆಚ್ಚಿಸುತ್ತದೆ. 38 ಮಿಲಿಮೀಟರಿನ ಬಕಲ್‌ಗೆ ಅಷ್ಟೇ ಅಗಲದ ಪಟ್ಟಿ ಕತ್ತರಿಸಿ ಸುತ್ತು ಹೆಣಿಗೆ ಹಾಕಿದರೆ ಅದು ಬಕಲ್‌ನೊಳಗೆ ಹೋಗುವುದೇ ಇಲ್ಲ. ಎರಡು ಮೂರು ಮಿಲಿಮೀಟರ್ ಕಡಿಮೆ ಅಗಲದಲ್ಲಿ ಕತ್ತರಿಸುವುದು ಸರಿಯಾದ ಕ್ರಮ. ಕುಣಿಕೆ ಹೆಣಿಗೆ ಇನ್ನೂ ದಪ್ಪವಾದುದರಿಂದ ಅದಕ್ಕೆ ಮೊದಲು ಒಂದು ಚೂರಿನ ಮೇಲೆ ಹೆಣೆದು ಅಳೆದು ನೋಡಬೇಕು.

ಬಿಡಿ ತುದಿಯಿಲ್ಲದ ಜಡೆ

ಇದು ಅಂಚಿನ ಕೆಲಸವಲ್ಲ, ಪಟ್ಟಿಯ ಮೈಯನ್ನೇ ಹೆಣೆಯುವ ಕೆಲಸ. ಪಟ್ಟಿಯ ಎರಡು ತುದಿಗಳನ್ನು ಹಾಗೆಯೇ ಬಿಟ್ಟು, ನಡುವೆ ಉದ್ದಕ್ಕೆ ಎರಡು ಸೀಳು ಮಾಡಿದರೆ ಮೂರು ಎಳೆಗಳಾಗುತ್ತವೆ. ತುದಿಗಳು ಮುಚ್ಚಿರುವಾಗ ಜಡೆ ಹೆಣೆಯಲು ಸಾಧ್ಯವೇ ಇಲ್ಲವೆಂದು ತೋರುತ್ತದೆ. ಆದರೂ ಹೆಣೆಯಬಹುದು.

ಮೇಲಿನಿಂದ ಕೂದಲಿನ ಜಡೆಯಂತೆ ಬಲದ ಎಳೆಯನ್ನು ನಡುವಿನದರ ಮೇಲೆ, ಬಳಿಕ ಎಡದ ಎಳೆಯನ್ನು ನಡುವಿನದರ ಮೇಲೆ ತರುತ್ತ ಆರು ಸಲ ದಾಟಿಸಬೇಕು. ಮೇಲೆ ಜಡೆ ಮೂಡಿದಂತೆ ಕೆಳಗೆ ತಿರುವುಮುರುವಾದ ಸಿಕ್ಕು ಉಂಟಾಗುತ್ತದೆ. ಕೆಳಗಿನ ತುದಿಯನ್ನು ಎಳೆಗಳ ನಡುವಿನ ಸಂದಿಯಲ್ಲಿ ತೂರಿಸಿ ಆ ಸಿಕ್ಕನ್ನು ಬಿಡಿಸಬೇಕು. ಆರು ದಾಟುಗಳು ಮುಗಿದಿದ್ದರೆ ಸಿಕ್ಕು ಪೂರ್ತಿ ಬಿಡುತ್ತದೆ. ಮತ್ತೆ ಆರು ಸಲ ದಾಟಿಸಿ ಮತ್ತೆ ಬಿಡಿಸಬೇಕು. ಒಟ್ಟು ದಾಟುಗಳ ಸಂಖ್ಯೆ 6, 12, 18 ಹೀಗೆ ಆರರ ಗುಣಕವಾಗಿದ್ದರೆ ಪಟ್ಟಿ ಸಮತಟ್ಟಾಗಿ ಮಲಗುತ್ತದೆ, ನಡುವೆ ನಿಲ್ಲಿಸಿದರೆ ತಿರುಚಿಕೊಳ್ಳುತ್ತದೆ. ಜಡೆಯು ಉದ್ದವನ್ನು ನುಂಗುವುದರಿಂದ ಪಟ್ಟಿಯನ್ನು ಬೇಕಾದುದಕ್ಕಿಂತ ತುಸು ಉದ್ದವಾಗಿ ಕತ್ತರಿಸಬೇಕು. ಸಸ್ಯರಸದಿಂದ ಹದ ಮಾಡಿದ ಚರ್ಮವನ್ನು ಸ್ವಲ್ಪ ತೇವಗೊಳಿಸಿದರೆ ಹೆಣೆಯುವಾಗ ಬಾಗುತ್ತದೆ.

ಮಕ್ಕಳು ಇದನ್ನು ಹಳೆಯ ಸೈಕಲ್ ಟ್ಯೂಬಿನ ತುಂಡಿನ ಮೇಲೆ ಕಲಿಯಬಹುದು. 25 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲದ ತುಂಡು ಸಾಕು. ಸೀಳುವ ಕೆಲಸವನ್ನು ಮಾತ್ರ ದೊಡ್ಡವರು ಮಾಡಿಕೊಡಬೇಕು. ಮಹಾರಾಷ್ಟ್ರದ ಕನ್ನಡ ಶಾಲೆಗಳ ಕಾರ್ಯಾನುಭವ ವಿಷಯಕ್ಕೆ ಇದು ಒಪ್ಪುವ ಚಟುವಟಿಕೆಯೆಂದು ನಮ್ಮ ಅಭಿಪ್ರಾಯ.

ಗಡಿ ಅರಿಯದ ಕಸುಬು

ಚರ್ಮ ಹೆಣೆಯುವ ವಿದ್ಯೆಯನ್ನು ನೋಡಲು ನಮ್ಮವರು ದೂರ ಹೋಗಬೇಕಾಗಿಲ್ಲ. ಕೊಲ್ಹಾಪುರಿ ಚಪ್ಪಲಿಯ ಮೇಲೆ ಕಾಣುವ ತೆಳು ಜಡೆಗೆ ಕುಶಲಕರ್ಮಿಗಳು ವೇಣಿ ಎನ್ನುತ್ತಾರೆ. ಈ ಚಪ್ಪಲಿಯ ಅಟ್ಟೆಯನ್ನು ಮೊಳೆಯಿಂದಲ್ಲ, ಚರ್ಮದ ಎಳೆಯಿಂದಲೇ ಹೊಲಿಯುವುದು ಸಂಪ್ರದಾಯ. ಸೊಂಟಪಟ್ಟಿಗೆ ಬೇಕಾದ ಸೀಳುವ, ಹೆರೆಯುವ, ಹೆಣೆಯುವ ಕೈಚಳಕವೆಲ್ಲ ಇದರಲ್ಲಿಯೇ ಇದೆ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಅದು ಒಂದು ರಾಜ್ಯಕ್ಕೆ ಸೀಮಿತವಾಗಲಿಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಜಂಟಿಯಾಗಿ ದೊರೆಯಿತು. ಜತ್ತ ತಾಲೂಕು ಸಾಂಗ್ಲಿ ಜಿಲ್ಲೆಯಲ್ಲಿಯೂ ಅಕ್ಕಲಕೋಟೆ ತಾಲೂಕು ಸೊಲ್ಲಾಪುರ ಜಿಲ್ಲೆಯಲ್ಲಿಯೂ ಇರುವುದರಿಂದ ನಮ್ಮ ಓದುಗರಲ್ಲಿ ಅನೇಕರ ಊರುಗಳು ಈ ಸೀಮೆಯೊಳಗೇ ಬರುತ್ತವೆ. ರಾಜ್ಯಗಳ ಗಡಿ ಬಂದು ಸೀಮೆಯನ್ನು ಎರಡು ಮಾಡಿತು. ಅಥಣಿ, ನಿಪ್ಪಾಣಿಯ ಕುಶಲಕರ್ಮಿಯ ರಂಪಿಗೆಗೆ ಆ ಗೆರೆ ತಿಳಿಯದು.

2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್ ನಗರದ ತನ್ನ ಪ್ರದರ್ಶನದಲ್ಲಿ ಇಂತಹದೇ ಪಾದರಕ್ಷೆಗಳನ್ನು ಮೂಲದ ಹೆಸರಿಲ್ಲದೆ ತೋರಿಸಿತು. ಆಕ್ಷೇಪಗಳು ಬಂದ ಬಳಿಕ ಅವು ಭಾರತದ ಸಾಂಪ್ರದಾಯಿಕ ಪಾದರಕ್ಷೆಯಿಂದ ಪ್ರೇರಿತವೆಂದು ಒಪ್ಪಿಕೊಂಡಿತು. ಹೆಸರು ಉಳಿಯದಿದ್ದರೆ ಹಕ್ಕು ಉಳಿಯುವುದಿಲ್ಲವೆಂಬ ಪಾಠ ಇದರಲ್ಲಿದೆ.

ಹೆಸರುಗಳನ್ನು ಉಳಿಸುವುದು

12ನೆಯ ಶತಮಾನದ ಶರಣ ಪರಂಪರೆಯಲ್ಲಿ ಮಾದಾರ ಚೆನ್ನಯ್ಯನವರ ವಚನಗಳ ಅಂಕಿತದೊಳಗೇ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಚರ್ಮದ ಕೆಲಸದ ಸಲಕರಣೆಗಳ ಹೆಸರುಗಳಿವೆ. ತಮ್ಮ ಕಸುಬಿನ ಸಲಕರಣೆಗಳನ್ನು ದೇವರ ಹೆಸರಿನ ಪಕ್ಕದಲ್ಲಿ ಇಡಲು ಅವರು ಹಿಂಜರಿಯಲಿಲ್ಲ. ಹಾಗಾಗಿಯೇ ಆ ಮಾತುಗಳು ಇಂದಿಗೂ ಗ್ರಂಥದಲ್ಲಿ ಉಳಿದಿವೆ. ಅತ್ತ ಅಮೆರಿಕದಲ್ಲಿ ಬ್ರೂಸ್ ಗ್ರಾಂಟ್ ಎಂಬ ಲೇಖಕರು ದನಗಾಹಿಗಳ ಚರ್ಮದ ಹೆಣಿಗೆಗಳನ್ನು ಸಂಗ್ರಹಿಸಿ 1972ರಲ್ಲಿ ವಿಶ್ವಕೋಶದಂತಹ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ಇಂದು ಮಕ್ಕಳು ಚರ್ಮದ ಹೆಣಿಗೆಯನ್ನು ಮೊಬೈಲಿನ ವಿಡಿಯೊಗಳಿಂದ ಕಲಿಯಬಲ್ಲರು. ಅಲ್ಲಿ ಕೇಳಿಬರುವ ಮಾತುಗಳು ಬೇರೆ ಭಾಷೆಯವು. ಮನೆಯ ಅಜ್ಜನ ಬಾಯಲ್ಲಿರುವ ಬಾರು, ಮಿಣಿ, ರಂಪಿಗೆ, ಆರಿ, ಹದ ಎಂಬ ಮಾತುಗಳು ಶಾಲೆಯ ನೋಟುಪುಸ್ತಕವನ್ನು ಸೇರದೆ ಹೋದರೆ ಅವು ಅಜ್ಜನೊಂದಿಗೇ ಮುಗಿದುಹೋಗುತ್ತವೆ. ಆದುದರಿಂದ ಪೋಷಕರಲ್ಲಿ ನಮ್ಮದೊಂದು ವಿನಂತಿ. ಚರ್ಮದ ಕೆಲಸ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಮಕ್ಕಳನ್ನು ಅವರ ಬಳಿ ಕೂರಿಸಿರಿ. ಪ್ರತಿ ಸಲಕರಣೆಯ, ಪ್ರತಿ ಹೆಣಿಗೆಯ ಹೆಸರನ್ನು ಕೇಳಿ, ಚಿತ್ರ ಬಿಡಿಸಿ, ಕನ್ನಡದಲ್ಲಿ ಬರೆದಿಡಿಸಿರಿ. ಅಂತಹ ಹಿರಿಯರು ಮನೆಯಲ್ಲಿಲ್ಲದವರು ಓಣಿಯ ಕುಶಲಕರ್ಮಿಯನ್ನು ಶಾಲೆಗೆ ಗುರುವಾಗಿ ಬರಮಾಡಿಕೊಳ್ಳುವಂತೆ ಶಿಕ್ಷಕರನ್ನು ಕೇಳಬಹುದು. ಆ ದಿನ ತರಗತಿಯ ಮುಂದೆ ನಿಂತು ಹೆಣಿಗೆ ತೋರಿಸುವವರು ತನ್ನ ತಂದೆಯೋ ಅಜ್ಜನೋ ಆಗಿದ್ದರೆ, ಹಿಂದೆ ತಲೆ ತಗ್ಗಿಸಿದ್ದ ಮಗು ಎಲ್ಲರಿಗಿಂತ ಮೊದಲು ಕೈಯೆತ್ತಿ ಉತ್ತರ ಹೇಳುತ್ತದೆಯೆಂಬ ನಂಬಿಕೆ ನಮ್ಮದು.