ಗದ್ದೆಯಿಂದ ಗಾಜಿನ ಬೋಗುಣಿಗೆ: ಬೆಟ್ಟಾ ಮೀನು ಸಾಕಣೆಯ ಇತಿಹಾಸ

ಬೆಟ್ಟಾ ಥಾಯ್ಲೆಂಡಿನ ಸಿಹಿನೀರಿನ ಮೀನು. ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಇದಕ್ಕೆ ಫೈಟರ್ ಫಿಶ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ವೈಜ್ಞಾನಿಕ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. ಚಾವೊ ಫ್ರಾಯಾ ನದಿಯ ಬಯಲಿನ ಭತ್ತದ ಗದ್ದೆಗಳು, ಕಾಲುವೆಗಳು, ಜೌಗು ನೆಲ ಇದರ ತವರು. ಕಾಡಿನ ಮೀನು ಐದಾರು ಸೆಂಟಿಮೀಟರಿಗಿಂತ ಉದ್ದ ಬೆಳೆಯುವುದು ಕಡಿಮೆ. ಮೈ ಮಾಸಲು ಕಂದು, ಈಜುರೆಕ್ಕೆಗಳು ಗಿಡ್ಡ. ಎದುರಾಳಿ ಕಣ್ಣಿಗೆ ಬಿದ್ದಾಗ ಮಾತ್ರ ಗಂಡು ಮೀನು ಕಿವಿರಿನ ಮುಚ್ಚಳ ಅಗಲಿಸಿ, ರೆಕ್ಕೆಗಳನ್ನು ನಿಗುರಿಸಿ, ಅಡಗಿದ್ದ ಕೆಂಪು ನೀಲಿ ಬಣ್ಣಗಳನ್ನು ಹೊರಗೆಡಹುತ್ತದೆ. ಅಂಗಡಿಯ ಗಾಜಿನಲ್ಲಿ ಸೆರಗಿನಂಥ ಬಾಲ ಬೀಸುತ್ತ ತೇಲುವ ಮೀನು ಈ ಸಾಧಾರಣ ಗದ್ದೆ ಮೀನಿನ ಸಂತತಿಯೇ.

ಗದ್ದೆಯ ನೀರು ಆಳವಿಲ್ಲದ್ದು, ಬಿಸಿಲಿಗೆ ಬೇಗ ಕಾಯುವಂಥದ್ದು. ಕೊಳೆತ ಎಲೆ, ಹುಲ್ಲು ತುಂಬಿದ ಆ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಅಲ್ಲಿ ಬದುಕಲು ಬೆಟ್ಟಾಗೆ ಕಿವಿರಿನ ಜೊತೆಗೆ ಇನ್ನೊಂದು ಸಾಧನವಿದೆ. ಕಿವಿರಿನ ಮೇಲಿನ ಕುಹರದಲ್ಲಿ ರಕ್ತನಾಳಗಳಿಂದ ತುಂಬಿದ, ಮಡಿಕೆ ಮಡಿಕೆಯಾದ ಲ್ಯಾಬಿರಿಂತ್ ಅಂಗವೇ ಅದು. ಮೀನು ಆಗಾಗ ಮೇಲಕ್ಕೆ ಬಂದು ಗಾಳಿ ನುಂಗುತ್ತದೆ. ಆ ಗಾಳಿಯ ಆಮ್ಲಜನಕ ನೇರವಾಗಿ ರಕ್ತಕ್ಕೆ ಸೇರುತ್ತದೆ. ಅನಾಬಸ್, ಗೌರಾಮಿ ಮೀನುಗಳಿಗೂ ಇದೇ ಅಂಗವಿದೆ. ಬೆಟ್ಟಾ ಸಾಕಣೆಯ ಚರಿತ್ರೆಯೆಲ್ಲ ಈ ಅಂಗದ ಸುತ್ತಲೇ ತಿರುಗುತ್ತದೆ. ಮೀನನ್ನು ಪುಟ್ಟ ಜಾಡಿಯಲ್ಲಿಟ್ಟು ಸಾಕಲು ಸಾಧ್ಯವಾದದ್ದು ಇದರಿಂದ. ಎಷ್ಟು ಕೊಳಕು ನೀರಾದರೂ ಇದಕ್ಕೆ ನಡೆಯುತ್ತದೆ ಎಂಬ ತಪ್ಪು ನಂಬಿಕೆ ಬೆಳೆದದ್ದೂ ಇದರಿಂದಲೇ.

ಸಂತಾನದ ಹೊಣೆ ಗಂಡಿನದು. ಅದು ಬಾಯಿಂದ ಒಂದೊಂದೇ ಗುಳ್ಳೆ ಬಿಟ್ಟು, ಎಂಜಲಿನ ಅಂಟಿನಿಂದ ಅವು ಒಡೆಯದಂತೆ ಮಾಡಿ, ನೀರಿನ ಮೇಲೆ ನೊರೆಯ ಗೂಡು ಕಟ್ಟುತ್ತದೆ. ಗೂಡಿನ ಕೆಳಗೆ ಗಂಡು ಹೆಣ್ಣಿನ ಮೈಯನ್ನು ಬಳಸಿ ಹಿಡಿದಾಗ ಮೊಟ್ಟೆಗಳು ಉದುರುತ್ತವೆ. ತಳಕ್ಕೆ ಇಳಿಯುವ ಆ ಬಿಳಿ ಕಾಳುಗಳನ್ನು ಗಂಡು ಬಾಯಲ್ಲಿ ಹೆಕ್ಕಿ ತಂದು ಗೂಡಿಗೆ ಅಂಟಿಸುತ್ತದೆ. ಆಮೇಲೆ ಹೆಣ್ಣನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಒಂದೆರಡು ದಿನಗಳಲ್ಲಿ ಮೊಟ್ಟೆಯೊಡೆದು ಮರಿಗಳು ಬಂದು, ಅವು ತಾವಾಗಿ ಈಜುವವರೆಗೆ ಕಾವಲು ಕಾಯುತ್ತದೆ, ಜಾರಿ ಬಿದ್ದ ಮರಿಗಳನ್ನು ಮತ್ತೆ ಮತ್ತೆ ಮೇಲಕ್ಕೆ ತಂದಿಡುತ್ತದೆ. ಈ ಕಾವಲಿನ ಹಟವೇ ಗಂಡುಗಳ ನಡುವಿನ ಜಗಳದ ಮೂಲ. ಮನುಷ್ಯರ ಕಣ್ಣು ಮೊದಲು ಬಿದ್ದದ್ದೂ ಆ ಜಗಳದ ಮೇಲೆಯೇ.

ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಹಳ್ಳಿಗರು ಗದ್ದೆಯಿಂದ ಮೀನು ಹಿಡಿದು ತಂದು, ಎರಡನ್ನು ಒಂದೇ ಜಾಡಿಗೆ ಬಿಟ್ಟು, ಯಾವುದು ಗೆಲ್ಲುತ್ತದೆಂದು ಬಾಜಿ ಕಟ್ಟುತ್ತಿದ್ದರು. ಕಾದಾಡಿ ಗೆದ್ದ ಮೀನಿನಿಂದ ಮರಿ ಮಾಡಿಸುವ ರೂಢಿ ಬೆಳೆದಂತೆ, ಕಾಡಿನ ಮೀನಿಗಿಂತ ದಪ್ಪ ಮೈಯ, ಹೆಚ್ಚು ಹೊತ್ತು ಕಾದಾಡಬಲ್ಲ ತಳಿ ತಯಾರಾಯಿತು. 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ, ಈ ಮೀನಿನ ಪಳಗಿಸುವಿಕೆಗೆ ಕಡಿಮೆಯೆಂದರೂ ಸಾವಿರ ವರ್ಷಗಳ ವಯಸ್ಸಿದೆ. ಮನುಷ್ಯರು ಪಳಗಿಸಿ ತಳಿ ಬೆಳೆಸಿದ ಮೀನುಗಳಲ್ಲಿ ಬೆಟ್ಟಾ ತುಂಬ ಹಳೆಯದು.

ಜಾಡಿಯ ಪದ್ಧತಿ ಬಂದದ್ದು ಈ ಕಾಳಗದ ಅಗತ್ಯದಿಂದ. ಎರಡು ಗಂಡುಗಳನ್ನು ಒಟ್ಟಿಗೆ ಇಡುವಂತಿರಲಿಲ್ಲವಾದ್ದರಿಂದ ಒಂದೊಂದಕ್ಕೂ ಬೇರೆ ಜಾಡಿ. ಒಂದನ್ನೊಂದು ನೋಡಿ ಕೆರಳದಂತೆ ನಡುವೆ ಕಾಗದದ ಅಡ್ಡ. ಕಾಡುಬಾದಾಮಿ ಮರದ ಒಣ ಎಲೆಯನ್ನು ನೀರಿಗೆ ಹಾಕುವುದು ಅಲ್ಲಿನ ಹಳೆಯ ರೂಢಿ. ಎಲೆಯ ಟ್ಯಾನಿನ್ ನೀರಿಗೆ ಚಹಾದ ಬಣ್ಣ ಕೊಟ್ಟು, ಅದನ್ನು ತುಸು ಆಮ್ಲೀಯವಾಗಿಸುತ್ತದೆ. ಎಲೆ ಕೊಳೆಯುವ ತವರಿನ ನೀರಿಗೆ ಇದು ಹತ್ತಿರ. ಸೊಳ್ಳೆಮರಿಯಂಥ ಜೀವಂತ ಆಹಾರ, ಹಗಲಿನ ಬೆಚ್ಚನೆಯ ಹವೆ ಎರಡೂ ಅಲ್ಲಿ ಪುಕ್ಕಟೆ ಸಿಗುತ್ತಿದ್ದವು. ಪಣಕ್ಕಿಟ್ಟ ಮೀನು ಸೊರಗಿದರೆ ನಷ್ಟ ಯಜಮಾನನದೇ. ಹಾಗಾಗಿ ಜಾಡಿ ಚಿಕ್ಕದಾದರೂ ಅದರ ಮೇಲಿನ ನಿಗಾ ದೊಡ್ಡದಾಗಿತ್ತು.

ಈ ಕಾಳಗ ಅರಮನೆಯ ಆದಾಯಕ್ಕೂ ಸೇರಿತ್ತು. ಸಯಾಮಿನ ರಾಜ ಮೂರನೆಯ ರಾಮನ ಆಳ್ವಿಕೆ 1824ರಿಂದ 1851ರವರೆಗೆ ನಡೆಯಿತು. ಆ ಕಾಲದಲ್ಲಿ ಮೀನು ಕಾಳಗ ನಡೆಸುವ ಹಕ್ಕನ್ನು ಗುತ್ತಿಗೆಗೆ ಕೊಟ್ಟು ರಾಜ್ಯ ಹಣ ಪಡೆಯುತ್ತಿತ್ತು ಎಂದು ಥಿಯೋಡೋರ್ ಕ್ಯಾಂಟರ್ ಬರೆದಿದ್ದಾನೆ. ಈತ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಯಲ್ಲಿದ್ದ ಡೆನ್ಮಾರ್ಕಿನ ವೈದ್ಯ, ಪ್ರಾಣಿಶಾಸ್ತ್ರಜ್ಞ. ಸಯಾಮಿನ ರಾಜನ ಕಡೆಯಿಂದ ಬಂದ ಮೀನುಗಳು ಅವನ ಕೈ ಸೇರಿದ್ದವು. 1849ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಮಲಯ ಮೀನುಗಳ ಪಟ್ಟಿಯಲ್ಲಿ ಅವನು ಇದನ್ನು ಮ್ಯಾಕ್ರೊಪೋಡಸ್ ಪುಗ್ನಾಕ್ಸ್ ಎಂಬ ಹೆಸರಿನಡಿ ಸೇರಿಸಿದ. ಆ ಹೆಸರು ಸಲ್ಲಬೇಕಾದದ್ದು ಪೆನಾಂಗಿನ ಬೇರೊಂದು ಮೀನಿಗೆ ಎಂದು ಲಂಡನ್ನಿನ ಚಾರ್ಲ್ಸ್ ಟೇಟ್ ರೀಗನ್ ಗುರುತಿಸಿ, 1910ರಲ್ಲಿ ಕಾಳಗದ ಮೀನಿಗೆ ಬೆಟ್ಟಾ ಸ್ಪ್ಲೆಂಡೆನ್ಸ್ ಎಂದು ಹೆಸರಿಟ್ಟ. ಅಲ್ಲಿಗೆ ಅರವತ್ತು ವರ್ಷಗಳ ಗೊಂದಲ ಕೊನೆಗೊಂಡಿತು.

ಇದೇ ಅವಧಿಯಲ್ಲಿ ಯುರೋಪಿನಲ್ಲಿ ಮನೆಯೊಳಗೆ ಮೀನು ಸಾಕುವ ವಿದ್ಯೆ ಹೊಸ ರೂಪ ಪಡೆಯುತ್ತಿತ್ತು. ಚೀನಾದಿಂದ ಬಂದ ಗೋಲ್ಡ್ ಫಿಶ್ ಅನ್ನು ದುಂಡು ಗಾಜಿನ ಬೋಗುಣಿಯಲ್ಲಿಡುವ ಶೋಕಿ ಅಲ್ಲಿ ಮೊದಲೇ ಇತ್ತು. ನೀರು ಬದಲಿಸದಿದ್ದರೆ ಮೀನು ಸಾಯುತ್ತಿತ್ತು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಹನ್ನೆರಡು ಗ್ಯಾಲನ್, ಅಂದರೆ ಸುಮಾರು 55 ಲೀಟರ್ ಹಿಡಿಯುವ ಪಾತ್ರೆಯಲ್ಲಿ ಎರಡು ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಗಿಡ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಇಟ್ಟು ನೀರನ್ನು ಬಹುಕಾಲ ತಿಳಿಯಾಗಿ ಉಳಿಸಿದ. 1850ರಲ್ಲಿ ಅದನ್ನು ಅಲ್ಲಿನ ಕೆಮಿಕಲ್ ಸೊಸೈಟಿಗೆ ತಿಳಿಸಿದ. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ನೀರು ಕೆಡುವುದು, ಶುದ್ಧವಾಗುವುದು ಹೇಗೆ ಎಂಬುದರ ಇನ್ನೊಂದು ಅರ್ಧ ಗೊತ್ತಾದದ್ದು ಆಮೇಲೆ. ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳನ್ನು ರಷ್ಯಾದ ಸೆರ್ಗೆಯ್ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದ.

ಬೆಟ್ಟಾ ಪ್ಯಾರಿಸ್ಸಿಗೆ ಬಂದದ್ದು 1870ರ ದಶಕದಲ್ಲಿ. ಚೀನಾದ ಪ್ಯಾರಡೈಸ್ ಮೀನಿನ ಮರಿ ಮಾಡಿಸಿ, ಅದರ ನೊರೆಗೂಡನ್ನು ವರ್ಣಿಸಿ ಹೆಸರಾಗಿದ್ದ ಪಿಯರ್ ಕಾರ್ಬೊನಿಯೇ ಇದನ್ನೂ ಸಾಕಿದ. 1890ರ ದಶಕದಲ್ಲಿ ಜರ್ಮನಿ, 1910ರ ಹೊತ್ತಿಗೆ ಅಮೆರಿಕ ಇದನ್ನು ಕಂಡವು. ಕಾಳಗದ ಮೀನು ಇಲ್ಲಿ ಅಲಂಕಾರದ ಮೀನಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಫ್ರಾಂಕ್ ಲಾಕ್ 1927ರಲ್ಲಿ ತರಿಸಿದ ತಂಡದಲ್ಲಿ ತಿಳಿ ಮೈ, ಕೆಂಪು ರೆಕ್ಕೆಯ ಮೀನುಗಳಿದ್ದವು. ಹೊಸ ಪ್ರಭೇದವೆಂದು ತಿಳಿದು ಅವನ್ನು ಬೆಟ್ಟಾ ಕಾಂಬೋಡಿಯ ಎಂದು ಕರೆದರೂ, ಅವು ಸ್ಪ್ಲೆಂಡೆನ್ಸ್‌ನ ಬಣ್ಣದ ಬಗೆಗಳಷ್ಟೇ. 1960ರ ಸುಮಾರಿಗೆ ಅಮೆರಿಕದ ವಾರನ್ ಯಂಗ್ ಬೆಳೆಸಿದ ಉದ್ದ ರೆಕ್ಕೆಯ ತಳಿಗೆ ಅವನ ಹೆಂಡತಿಯ ಹೆಸರಿನಿಂದ ಲಿಬ್ಬಿ ಬೆಟ್ಟಾ ಎಂದೇ ಹೆಸರಾಯಿತು. 1966ರಲ್ಲಿ ಇಂಟರ್‌ನ್ಯಾಷನಲ್ ಬೆಟ್ಟಾ ಕಾಂಗ್ರೆಸ್ ಸ್ಥಾಪನೆಯಾಗಿ, ಪ್ರದರ್ಶನಗಳೂ ಅಂಕ ಕೊಡುವ ನಿಯಮಗಳೂ ಬಂದವು. 1980ರ ದಶಕದಲ್ಲಿ ಬಾಲ ಪೂರಾ ಅರ್ಧವೃತ್ತವಾಗಿ, 180 ಡಿಗ್ರಿ ತೆರೆದುಕೊಳ್ಳುವ ಹಾಫ್‌ಮೂನ್ ತಳಿ ರೂಪುಗೊಂಡಿತು. 1990ರ ದಶಕದ ಕೊನೆಯಲ್ಲಿ ಇಂಡೊನೇಷ್ಯಾದಿಂದ, ರೆಕ್ಕೆಯ ಅಂಚು ಕಿರೀಟದಂತೆ ಮುಳ್ಳುಮುಳ್ಳಾದ ಕ್ರೌನ್‌ಟೇಲ್ ಬಂತು.

ಚೆಲುವಿಗೆ ಮೀನು ಬೆಲೆ ತೆರಬೇಕಾಯಿತು. ಗಿಡ್ಡ ರೆಕ್ಕೆಯ ಗದ್ದೆ ಮೀನು ಚುರುಕಾಗಿ ಈಜುತ್ತದೆ. ಭಾರದ ಬಾಲ ಹೊತ್ತ ಪ್ರದರ್ಶನದ ಮೀನು ಬೇಗ ದಣಿಯುತ್ತದೆ, ಗಾಳಿಗಾಗಿ ಮೇಲೇರುವುದಕ್ಕೂ ಹೆಣಗುತ್ತದೆ. ತೆಳು ರೆಕ್ಕೆ ಚೂಪು ಕಲ್ಲಿಗೆ, ಪ್ಲಾಸ್ಟಿಕ್ ಗಿಡಕ್ಕೆ ತಗುಲಿ ಹರಿಯುತ್ತದೆ. ಹರಿದ ಜಾಗಕ್ಕೆ ಕೊಳಕು ನೀರಿನಲ್ಲಿ ಬ್ಯಾಕ್ಟೀರಿಯಾ ಹತ್ತಿ ಅಂಚಿನಿಂದ ಕೊಳೆಯುತ್ತ ಬರುವುದೇ ರೆಕ್ಕೆ ಕೊಳೆ ರೋಗ.

ಬೆಟ್ಟಾ ಸಾಕಣೆಯ ದೊಡ್ಡ ಕೇಂದ್ರ ಇಂದಿಗೂ ಥಾಯ್ಲೆಂಡೇ. ಬ್ಯಾಂಕಾಕಿನ ಪಶ್ಚಿಮಕ್ಕಿರುವ ನಖೋನ್ ಪಥೋಮ್ ಪ್ರಾಂತ್ಯದ ಫಾರಂಗಳಲ್ಲಿ ಮರಿಗಳನ್ನು ತೊಟ್ಟಿಗಳಲ್ಲಿ ಒಟ್ಟಿಗೆ ಬೆಳೆಸಿ, ಕಾದಾಡುವ ವಯಸ್ಸು ಬಂದೊಡನೆ ಗಂಡುಗಳನ್ನು ಬೇರ್ಪಡಿಸುತ್ತಾರೆ. ಖಾಲಿಯಾದ ಚಪ್ಪಟೆ ವಿಸ್ಕಿ ಬಾಟಲಿಗಳೇ ಆಗ ಅವುಗಳ ಮನೆ. ಒಂದಕ್ಕೊಂದು ತಾಗಿ ನೆಲದ ಮೇಲೆ ಸಾಲುಗಟ್ಟಿದ ಬಾಟಲಿಗಳಿಗೆ ಕೆಲಸಗಾರರು ನೀರುಚಿಗಟ ಹಂಚುತ್ತ ಹೋಗುತ್ತಾರೆ, ನೀರು ಬದಲಿಸುತ್ತಾರೆ. ಬೇಡಿಕೆ ಬಂದಾಗ ಒಂದೊಂದು ಮೀನು ಅಂಗೈಯಗಲದ ಪ್ಲಾಸ್ಟಿಕ್ ಚೀಲದಲ್ಲಿ ವಿಮಾನ ಹತ್ತುತ್ತದೆ. ಬಾಟಲಿಯೂ ಚೀಲವೂ ಮಾರಾಟದ ದಾರಿಯ ತಂಗುದಾಣಗಳು. ಅಂಗಡಿಯಲ್ಲಿ ಪುಟ್ಟ ಡಬ್ಬಿಯಲ್ಲಿಟ್ಟ ಮೀನನ್ನು ನೋಡಿದ ಗಿರಾಕಿ ಮಾತ್ರ ಅದರ ಬದುಕಿಗೆ ಅಷ್ಟೇ ಸಾಕೆಂದು ತಿಳಿದ. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಹೂದಾನಿಯೊಳಗೆ ಬೆಟ್ಟಾ, ಮೇಲೆ ಪೀಸ್ ಲಿಲಿ ಗಿಡ ಇಡುವ ಶೋಕಿ ಹಬ್ಬಿತು. ಗಿಡದ ಬೇರು ತಿಂದು ಮೀನು ಬದುಕುತ್ತದೆ ಎಂಬ ಮಾತೂ ಜೊತೆಗೆ ಹಬ್ಬಿತು. ಬೆಟ್ಟಾ ಹುಳುಹುಪ್ಪಟೆ ತಿನ್ನುವ ಮೀನು. ಬೇರು ಅದರ ಆಹಾರವಲ್ಲ.

ಲ್ಯಾಬಿರಿಂತ್ ಅಂಗ ಮೀನಿಗೆ ಕೊಡುವುದು ಆಮ್ಲಜನಕವನ್ನು ಮಾತ್ರ. ಮೀನು ಹೊರಬಿಡುವ ಅಮೋನಿಯದಿಂದ ಅದು ರಕ್ಷಣೆ ಕೊಡದು. ಗದ್ದೆಯ ವಿಸ್ತಾರದಲ್ಲಿ ಮಣ್ಣು, ಗಿಡ, ಬ್ಯಾಕ್ಟೀರಿಯಾ ಅದನ್ನು ಕರಗಿಸಿಕೊಳ್ಳುತ್ತವೆ. ಒಂದೆರಡು ಲೀಟರಿನ ಬೋಗುಣಿಯಲ್ಲಿ ಅದೇ ಅಮೋನಿಯ ದಿನದಿನಕ್ಕೂ ಏರಿ ಕಿವಿರನ್ನೂ ಚರ್ಮವನ್ನೂ ಸುಡುತ್ತದೆ. ಮಿಕ್ಕ ಆಹಾರ ಕೊಳೆತರೆ ಏರಿಕೆ ಇನ್ನೂ ವೇಗ. ನೀರು ಕಣ್ಣಿಗೆ ತಿಳಿಯಾಗಿದ್ದರೂ ವಿಷವಾಗಿರಬಹುದು. ಮೀನು ಮಾತ್ರ ಮೇಲಕ್ಕೆ ಬಂದು ಉಸಿರಾಡುತ್ತ ದಿನ ದೂಡುತ್ತದೆ. ಸಾಯಲು ತಡವಾಗುವುದನ್ನೇ ಜನ ಆರೋಗ್ಯವೆಂದು ಭಾವಿಸುತ್ತಾರೆ.

ಈ ತಿಳಿವಳಿಕೆ ಹರಡಿದಂತೆ ಸಾಕಣೆಯ ರೂಢಿಯೂ ಬದಲಾಗಿದೆ. ಒಂದು ಮೀನಿಗೆ ಕನಿಷ್ಠ 10ರಿಂದ 20 ಲೀಟರ್ ನೀರು, ಹೆಚ್ಚು ಸೆಳೆತವಿಲ್ಲದ ಸ್ಪಂಜ್ ಫಿಲ್ಟರ್, ಜಿಗಿದು ಹೊರಬೀಳದಂತೆ ಮುಚ್ಚಳ, ನೀರಿಗೂ ಮುಚ್ಚಳಕ್ಕೂ ನಡುವೆ ಗಾಳಿಗೆ ಜಾಗ ಎಂಬುದು ಈಗ ಅನುಭವಿಗಳು ಹೇಳುವ ಅಳತೆ. ಫಿಲ್ಟರ್ ಇದ್ದರೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಬರಿಯ ಬೋಗುಣಿಯಾದರೆ ವಾರದಲ್ಲಿ ಹಲವು ಸಲ ಬೇಕು. ನಲ್ಲಿ ನೀರಿನ ಕ್ಲೋರಿನ್ ಮೀನಿಗೂ, ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಮಾರಕ. ಅದಕ್ಕೆ ನೀರನ್ನು ಒಂದು ದಿನ ತೆರೆದಿಡಬೇಕು, ಇಲ್ಲವೇ ಕ್ಲೋರಿನ್ ತೆಗೆಯುವ ದ್ರಾವಣ ಹಾಕಬೇಕು. ಬೋಗುಣಿಯನ್ನು ಸೋಪಿನಿಂದ ಉಜ್ಜಬಾರದು. ನೀರಿನ ಶಾಖ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಉಷ್ಣಾಂಶ 15-16 ಡಿಗ್ರಿಗೆ ಇಳಿಯುವ ಬೆಂಗಳೂರಿನಂಥ ಊರಿನಲ್ಲಿ ಪುಟ್ಟ ಹೀಟರ್ ಬೇಕಾಗುತ್ತದೆ. ಹೀಗೆ ನೋಡಿಕೊಂಡರೆ ಮೀನು ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದುಕುತ್ತದೆ.

ಭಾರತದಲ್ಲಿ ಬೆಟ್ಟಾ ತಳಿಗಳನ್ನು ಬೆಳೆಸುವವರಿಗೆ ಕೊರತೆಯಿಲ್ಲ. ಚೆನ್ನೈನ ಕೊಳತ್ತೂರು ಅಲಂಕಾರಿಕ ಮೀನುಗಳ ಹೆಸರಾಂತ ಪೇಟೆ. ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು ಇಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಥಾಯ್ಲೆಂಡ್ ಸರ್ಕಾರ 2019ರ ಫೆಬ್ರವರಿಯಲ್ಲಿ ಬೆಟ್ಟಾವನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಆದರೆ ಊರುಗಳು ಬೆಳೆದು, ಗದ್ದೆಗಳಿಗೆ ಕೀಟನಾಶಕ ಬಂದು, ಅದರ ತವರಿನ ಜೌಗು ಕುಗ್ಗುತ್ತಿದೆ. ಸಾಕಿ ಬೇಸರವಾದ ಮೀನನ್ನು ನಮ್ಮ ಕೆರೆಕುಂಟೆಗಳಿಗೆ ಬಿಡುವುದು ಆ ನಷ್ಟಕ್ಕೆ ಪರಿಹಾರವಲ್ಲ. ಅದು ಇಲ್ಲಿನ ಮೀನಲ್ಲ. ಒಂದು ಬೆಟ್ಟಾ ಕೊಳ್ಳುವವರು ಬಣ್ಣ ಆರಿಸುವ ಮೊದಲು ತೊಟ್ಟಿಯನ್ನು ಆರಿಸಲಿ, ವಾರವಾರವೂ ನೀರು ಬದಲಿಸಲು ಪುರುಸೊತ್ತು ಇದೆಯೇ ಎಂದು ಯೋಚಿಸಲಿ.