ಬೆಟ್ಟದ ದಾರಿಯ ಬಾಡಿಗೆ ಗಾಡಿ: ರಹದಾರಿ ಕೊಡುವವರು ಯಾರು?



ಒಂದು ಸಂಜೆ ಮೂಡಿಗೆರೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಕಳಸದ ಬಸ್ಸು ತಪ್ಪಿದೆ, ಮಳೆ ಹಿಡಿದಿದೆ. ಅಷ್ಟರಲ್ಲಿ ಜೀಪೊಂದು ಬಂದು ನಿಲ್ಲುತ್ತದೆ. ಒಳಗೆ ಆಗಲೇ ಆರೇಳು ಜನ ಇದ್ದಾರೆ. ‘ಕೊಟ್ಟಿಗೆಹಾರ, ಬಾಳೂರು, ಕಳಸ’ ಎಂದು ಚಾಲಕ ಕೂಗುತ್ತಾನೆ. ಅದರ ಸಂಖ್ಯಾಫಲಕ ಬಿಳಿಯದು, ಅಂದರೆ ಅದು ಖಾಸಗಿ ವಾಹನ. ಹತ್ತುತ್ತೀರಾ, ಬಿಡುತ್ತೀರಾ?

ಪ್ರಶ್ನೆ ಸಣ್ಣದು, ಆದರೆ ಅದರ ಹಿಂದೆ ಸುಮಾರು ಮುನ್ನೂರೆಪ್ಪತ್ತು ವರ್ಷಗಳ ಚರಿತ್ರೆ ಇದೆ. ಲಂಡನ್ನಿನಲ್ಲಿ ಬಾಡಿಗೆ ಕುದುರೆಗಾಡಿಗಳು ಬೀದಿ ತುಂಬಿದಾಗ, ಅವುಗಳ ಸಂಖ್ಯೆ 300 ಮೀರಕೂಡದೆಂದು 1654ರಲ್ಲಿ ಶಾಸನವಾಯಿತು. ಮೇಲ್ವಿಚಾರಣೆಯನ್ನು ನಗರದ ಹಿರಿಯರ ಸಭೆಗೆ ವಹಿಸಲಾಯಿತು. ಬಾಡಿಗೆ ಗಾಡಿಗೆ ಲೈಸೆನ್ಸ್ ಕೊಡುವುದು ಊರಿನ ಸಭೆಯ ಕೆಲಸ ಎಂಬ ಪದ್ಧತಿ ಇಂಗ್ಲೆಂಡಿನಲ್ಲಿ ಇಂದಿಗೂ ಇದೆ. ಲಂಡನ್ನಿನ ಹೊರಗೆ ಟ್ಯಾಕ್ಸಿಗಳಿಗೂ ಮುಂಗಡ ಕಾದಿರಿಸುವ ಖಾಸಗಿ ಬಾಡಿಗೆ ಕಾರುಗಳಿಗೂ ಸ್ಥಳೀಯ ಸಂಸ್ಥೆಗಳೇ ಲೈಸೆನ್ಸ್ ನೀಡುತ್ತವೆ. ಬ್ರಿಟಿಷ್ ಇಂಡಿಯಾದಲ್ಲೂ 1879ರ ಬಾಡಿಗೆ ಗಾಡಿಗಳ ಕಾಯ್ದೆಯು ಪುರಸಭೆಗಳಿಗೆ ಇಂಥ ನಿಯಮಗಳನ್ನು ಮಾಡುವ ಅಧಿಕಾರ ಕೊಟ್ಟಿತ್ತು.

ಹಾಗಾದರೆ ನಮ್ಮಲ್ಲಿ ಆ ಅಧಿಕಾರ ಊರಿನ ಸಭೆಯ ಕೈತಪ್ಪಿದ್ದು ಹೇಗೆ? ಕಾರಣ ಯಂತ್ರ. ಜಟಕಾ ಗಾಡಿಯ ಓಟ ಊರಿನ ಸುತ್ತಮುತ್ತ ಮುಗಿಯುತ್ತಿತ್ತು. ಮೋಟಾರು ಹಾಗಲ್ಲ. ಬೆಳಿಗ್ಗೆ ಚಿಕ್ಕಮಗಳೂರು ಬಿಟ್ಟ ಕಾರು ಚಾರ್ಮಾಡಿ ಘಾಟಿ ಇಳಿದು ಮಧ್ಯಾಹ್ನಕ್ಕೆ ಮಂಗಳೂರಿನಲ್ಲಿರುತ್ತದೆ. ಹಲವು ಊರುಗಳನ್ನು ದಾಟುವ ವಾಹನಕ್ಕೆ ಒಂದು ಊರಿನ ನಿಯಮ ಸಾಲದು. ಆದ್ದರಿಂದ 1939ರ ಮೋಟಾರು ವಾಹನ ಕಾಯ್ದೆಯು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಗಳನ್ನು ತಂದಿತು. ನಮ್ಮ ಸಂವಿಧಾನವೂ ಇದೇ ಗೆರೆಯನ್ನು ಎಳೆದಿದೆ. ಯಂತ್ರಚಾಲಿತ ವಾಹನಗಳು ಕೇಂದ್ರ ಮತ್ತು ರಾಜ್ಯ ಎರಡೂ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಉಳಿದ ಗಾಡಿಗಳು ರಾಜ್ಯ ಪಟ್ಟಿಯಲ್ಲಿವೆ.

ಈಗ ಜಾರಿಯಲ್ಲಿರುವುದು 1988ರ ಕಾಯ್ದೆ. ಚಾಲಕನನ್ನು ಬಿಟ್ಟು 6 ಜನರವರೆಗೆ ಒಯ್ಯುವ ಬಾಡಿಗೆ ವಾಹನವನ್ನು ಅದು ಮೋಟಾರು ಕ್ಯಾಬ್ ಎನ್ನುತ್ತದೆ. 6ಕ್ಕಿಂತ ಹೆಚ್ಚು, 12ರವರೆಗಿನದು ಮ್ಯಾಕ್ಸಿ ಕ್ಯಾಬ್. ಎರಡಕ್ಕೂ ಸಾರಿಗೆ ಪ್ರಾಧಿಕಾರದ ರಹದಾರಿ ಬೇಕು, ಹಳದಿ ಫಲಕ ಬೇಕು, ಯೋಗ್ಯತಾ ಪತ್ರ ಬೇಕು. ವಾಹನಕ್ಕೆ 8 ವರ್ಷ ತುಂಬುವವರೆಗೆ ಆ ಪತ್ರವನ್ನು 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ನವೀಕರಿಸಬೇಕು. ಹೇರ್‌ಪಿನ್ ತಿರುವುಗಳಲ್ಲಿ ಇಳಿಯುವಾಗ ವಾಹನದ ಶಕ್ತಿಯ ಒಂದು ಪಾಲು ಬ್ರೇಕಿನಲ್ಲಿ ಶಾಖವಾಗಬೇಕಾದ ನಮ್ಮ ದಾರಿಗಳಲ್ಲಿ ಈ ತಪಾಸಣೆ ಬರಿಯ ಕಾಗದದ ಕೆಲಸವಲ್ಲ.

ಕಾಯ್ದೆ ಇನ್ನೊಂದು ವ್ಯತ್ಯಾಸ ಮಾಡುತ್ತದೆ. ದಾರಿಯುದ್ದಕ್ಕೂ ಬೇರೆ ಬೇರೆ ಜನರನ್ನು ಹತ್ತಿಸಿ, ಇಳಿಸಿ, ಪ್ರತಿಯೊಬ್ಬರಿಂದ ದರ ಪಡೆಯುವುದು ಮಜಲು ವಾಹನ, ಅಂದರೆ ಬಸ್ಸು. ಇಡೀ ವಾಹನವನ್ನು ಒಂದು ಒಪ್ಪಂದದ ಮೇಲೆ ಗೊತ್ತುಮಾಡಿಕೊಂಡರೆ ಅದು ಒಪ್ಪಂದ ವಾಹನ. ಈ ಗೆರೆ ಅಳಿಸಿದರೆ ಏನಾಗುತ್ತದೆ? ಒಪ್ಪಂದದ ರಹದಾರಿ ಪಡೆದ ವಾಹನಗಳು ಬಸ್ಸಿನಂತೆ ಓಡಿ, ಬಸ್ಸಿನ ಆದಾಯವನ್ನು ಕಿತ್ತುಕೊಳ್ಳುತ್ತವೆ. ಈ ದೂರಿನ ಮೇಲೆಯೇ ಕರ್ನಾಟಕ ಸರ್ಕಾರ 1976ರಲ್ಲಿ ಖಾಸಗಿ ಒಪ್ಪಂದ ಬಸ್ಸುಗಳನ್ನು ಸ್ವಾಧೀನಕ್ಕೆ ಪಡೆಯುವ ಕಾಯ್ದೆ ಮಾಡಿತು. 1977ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು. ಕಾಲ ಬದಲಾಯಿತು. 2003ರ ಶಾಸನದಿಂದ ವಿಧಾನಮಂಡಲ ಆ ಕಾಯ್ದೆಯನ್ನು ರದ್ದುಪಡಿಸಿತು. ಆ ರದ್ದತಿಯೂ ಸರಿಯೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು. ಯಾವ ನೀತಿ ಬೇಕೆಂದು ಆರಿಸುವುದು ಶಾಸಕಾಂಗದ ಕೆಲಸ ಎಂಬುದನ್ನು ಈ ಚರಿತ್ರೆ ತೋರಿಸುತ್ತದೆ.

ಈಗ ನಮ್ಮ ಊರಿನ ಸಭೆಗೆ ಉಳಿದಿರುವುದೇನು? ಚಿಕ್ಕಮಗಳೂರಿನ ನಗರಸಭೆಯಾಗಲಿ, ಮೂಡಿಗೆರೆಯ ಪಟ್ಟಣ ಪಂಚಾಯಿತಿಯಾಗಲಿ ಟ್ಯಾಕ್ಸಿಗೆ ರಹದಾರಿ ಕೊಡುವಂತಿಲ್ಲ. ವಾಹನ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವಾಗ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಬೇಕೆಂದು ಕಾಯ್ದೆಯ 117ನೇ ಪ್ರಕರಣ ಹೇಳುತ್ತದೆ. ಅಂದರೆ ಸ್ಟ್ಯಾಂಡಿನ ವಿಷಯದಲ್ಲಿ ಊರಿಗೆ ಮಾತಿದೆ. ಇನ್ನು ಒಪ್ಪಂದ ವಾಹನಗಳ ಸಂಖ್ಯೆಗೆ ಮಿತಿ ಹಾಕುವ 74ನೇ ಪ್ರಕರಣದ ಏರ್ಪಾಡು ಕನಿಷ್ಠ 5 ಲಕ್ಷ ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದ ಜನಸಂಖ್ಯೆ ಸುಮಾರು 1.18 ಲಕ್ಷ.

ಆದರೆ ದಟ್ಟಣೆ ನಗರದಲ್ಲಲ್ಲ, ಬೆಟ್ಟದ ಮೇಲೆ! 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಿರಿದಾದ ದಾರಿಯಲ್ಲಿ ವಾಹನಗಳು ಗಂಟೆಗಟ್ಟಲೆ ಸಿಕ್ಕಿಬೀಳತೊಡಗಿದ ಮೇಲೆ, ಜಿಲ್ಲಾಡಳಿತವು 2025ರ ಸೆಪ್ಟೆಂಬರ್ 1ರಿಂದ ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು. ಬೆಳಗಿನ ಹೊತ್ತು 600 ವಾಹನ, ಮಧ್ಯಾಹ್ನದ ಹೊತ್ತು 600 ವಾಹನ ಎಂದು ಮಿತಿ ಹಾಕಿತು. 1654ರ ಲಂಡನ್ನಿನ ಲೆಕ್ಕಾಚಾರ ನಮ್ಮ ಚಂದ್ರದ್ರೋಣ ಪರ್ವತಕ್ಕೂ ಬಂದಿತಲ್ಲವೇ?

ಇನ್ನು ಮೂಡಿಗೆರೆಯ ಆ ಜೀಪಿಗೆ ಮರಳೋಣ. ಬಾಡಿಗೆಗೆ ಓಡಿಸಲು ರಹದಾರಿಯಿಲ್ಲದ ವಾಹನ ಅಪಘಾತಕ್ಕೀಡಾದರೆ, ವಿಮಾ ಕಂಪನಿಯು ಪರಿಹಾರದ ಹೊಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಕಾನೂನಿನಲ್ಲಿ ಅವಕಾಶವಿದೆ. ನೊಂದ ಕುಟುಂಬ ವರ್ಷಗಟ್ಟಲೆ ಅಲೆಯಬೇಕಾದೀತು. ತೆರಿಗೆ ಕಟ್ಟಿ, ರಹದಾರಿ ಪಡೆದು, ಹಳದಿ ಫಲಕ ಹಾಕಿ ಸ್ಟ್ಯಾಂಡಿನಲ್ಲಿ ಕಾಯುವ ಚಾಲಕನ ಅನ್ನಕ್ಕೂ ಅದು ಕಲ್ಲು.

ಹಾಗೆಂದು ಬಿಳಿ ಫಲಕದ ಜೀಪು ಹತ್ತಿದವರನ್ನು ಬೈದರೆ ಸಾಕೇ? ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಯಿರಿ. ಖಾಸಗಿ ಬಸ್ ಸಂಸ್ಥೆಯೊಂದು ಮುಚ್ಚಿದಾಗ ಅದರ ನೌಕರರೇ 1991ರಲ್ಲಿ ಸಹಕಾರ ಸಂಘ ಕಟ್ಟಿ, ಮಲೆನಾಡಿನ ಹಳ್ಳಿಹಳ್ಳಿಗೆ ಬಸ್ಸು ಓಡಿಸಿದರು. ನಷ್ಟ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಆ ಬಸ್ಸುಗಳು ನಿಂತವು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ನಿಗಮಗಳ ಬಸ್ಸಿಗೆ ಮಾತ್ರ. ಆ ಬಸ್ಸು ಬಾರದ ಹಳ್ಳಿಯ ಹುಡುಗಿ ಕಾಲೇಜಿಗೆ ಹೋಗಲು ಖಾಸಗಿ ಬಸ್ಸಿಗೋ ಜೀಪಿಗೋ ಕಾಸು ಹೊಂದಿಸಲೇಬೇಕು.

ನಿಯಮ ಜಾರಿಮಾಡುವುದು ಸರ್ಕಾರದ ಕರ್ತವ್ಯದ ಒಂದು ಭಾಗ. ನಿಯಮ ಪಾಲಿಸಿಯೂ ಮನೆ ಸೇರಲು ಸಾಧ್ಯವಾಗುವಂತೆ ಮಾಡುವುದು ಇನ್ನೊಂದು ಭಾಗ. ನಿಮ್ಮ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಅದು ತಪ್ಪಿದರೆ ರಹದಾರಿಯುಳ್ಳ ಯಾವ ವಾಹನ ಸಿಗುತ್ತದೆ? ಇದನ್ನು ನಿಮ್ಮ ತರಗತಿಯಲ್ಲೇ ಕೇಳಿ, ಬರೆದಿಡಿ. ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಓದಿ ಹೇಳಿ. ರಹದಾರಿ ಕೊಡುವ ಅಧಿಕಾರ ಊರಿನ ಸಭೆಗಿಲ್ಲ, ನಿಜ. ಬಸ್ಸು ಬೇಕೆಂದು ಕೇಳುವ ಬಾಯಿ ಊರಿಗೆ ಇದ್ದೇ ಇದೆ.